ಮುಳ್ಳಿನ ಮೇಲೊಂದು ಮ್ಯಾಗ್ನೆಟ್

ಪೀಣ್ಯದ ಸಣ್ಣ ಶೆಡ್ಡೊಂದರಲ್ಲಿ ಬಹಳ ವರ್ಷಗಳಿಂದ ಪ್ರೆಶರ್ ಗೇಜುಗಳ ಕ್ಯಾಲಿಬ್ರೇಶನ್ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಡೆಡ್ ವೇಟ್ ಟೆಸ್ಟರಿನ ಮೇಲೆ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು, ಅವನ್ನು ಮೆಲ್ಲಗೆ ತಿರುಗಿಸಿ ಬಿಡುತ್ತಾರೆ. ಮುಳ್ಳು ನಿಂತ ಮೇಲೆ ಬೆರಳ ಗೆಣ್ಣಿನಿಂದ ಗೇಜಿನ ಪಕ್ಕಕ್ಕೆ ಒಮ್ಮೆ ತಟ್ಟುತ್ತಾರೆ. ಮುಳ್ಳು ಕೂದಲೆಳೆಯಷ್ಟು ಜರುಗುತ್ತದೆ. ಓದುವುದು ಆಮೇಲೆ. ಯಾಕೆಂದು ಕೇಳಿದರೆ, "ತಟ್ಟದೆ ಓದಿದ್ರೆ ಅದು ಪ್ರೆಶರ್ ಹೇಳಿದ ಮಾತಲ್ಲ ಸಾರ್, ಒಳಗಿನ ಜಿಡ್ಡು ಹೇಳಿದ ಮಾತು" ಎನ್ನುತ್ತಾರೆ.

ಈಚೆಗೆ ಅದೇ ಮೇಜಿನ ಮೇಲೆ ಹೊಸ ಸಲಕರಣೆಯೊಂದು ಬಂದು ಕೂತಿದೆ. ಗೇಜಿನ ಗಾಜು ಬಿಚ್ಚಿ, ಮುಳ್ಳಿನ ನಡುವಿನ ಗುಬುಟಿನ ಮೇಲೆ ಕಡಲೆಬೇಳೆಗಿಂತ ಚಿಕ್ಕದೊಂದು ಮ್ಯಾಗ್ನೆಟ್ ಅಂಟಿಸುತ್ತಾರೆ. ಅದಕ್ಕೆ ತಗುಲದಂತೆ ಒಂದೆರಡು ಮಿಲಿಮೀಟರ್ ಮೇಲೆ, ಸ್ಟ್ಯಾಂಡಿಗೆ ಕಚ್ಚಿಸಿದ ಚಿಪ್ ನಿಲ್ಲುತ್ತದೆ. ಮುಳ್ಳು ತಿರುಗಿದಷ್ಟು ಕೋನ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುತ್ತದೆ. ಕಣ್ಣು ಬೇಡ, ಬೆರಳೂ ಬೇಡ ಎನ್ನುವುದು ಇದನ್ನು ತಂದ ಹುಡುಗರ ವಾದ. ನಾನು ಎರಡು ಮಧ್ಯಾಹ್ನ ಕೂತು ನೋಡಿದೆ. ಅವರ ವಾದದಲ್ಲಿ ಅರ್ಧ ನಿಜವಿದೆ; ಆ ಅರ್ಧ ಅವರು ಅಂದುಕೊಂಡದ್ದಲ್ಲ.

ಗೇಜಿನೊಳಗೆ ಇರುವುದು ಫ್ರಾನ್ಸಿನ ಯೂಜೆನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ. ಬಾಗಿಸಿದ ಚಪ್ಪಟೆ ನಳಿಕೆ, ಒಳಗೆ ಒತ್ತಡ ಏರಿದಂತೆ ಕೊಂಚ ನೆಟ್ಟಗಾಗುತ್ತದೆ. ಆ ಕೊಂಚವನ್ನು ಕೊಂಡಿ, ಹಲ್ಲಿನ ಪಟ್ಟಿ, ಪಿನಿಯನ್‌ಗಳು ಹಿಗ್ಗಿಸಿ ಮುಳ್ಳನ್ನು ಮುಕ್ಕಾಲು ಸುತ್ತು ತಿರುಗಿಸುತ್ತವೆ. ಹಲ್ಲುಗಳ ನಡುವಿನ ಸಡಿಲ ಕಾಣದಿರಲೆಂದು ಒಂದು ಹೇರ್ ಸ್ಪ್ರಿಂಗ್. ಹೊಸ ಸಲಕರಣೆಯ ಬೇರೂ ಹಳೆಯದೇ. ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮ ಅದು: ಕರೆಂಟ್ ಹರಿಯುವ ತೆಳು ಹಾಳೆಗೆ ಅಯಸ್ಕಾಂತ ಹಿಡಿದರೆ ಅಡ್ಡಲಾಗಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಉತ್ತರ ಧ್ರುವ ಒಂದು ಪಕ್ಕಕ್ಕೂ ದಕ್ಷಿಣ ಧ್ರುವ ಇನ್ನೊಂದು ಪಕ್ಕಕ್ಕೂ ಇರುವ ಬಿಲ್ಲೆ ತಿರುಗಿದರೆ ಕ್ಷೇತ್ರವೂ ತಿರುಗುತ್ತದೆ. ಚಿಪ್ ಅದರ ದಿಕ್ಕನ್ನು ಲೆಕ್ಕ ಹಾಕುತ್ತದೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಒತ್ತಡ ಏರಿಸುವಾಗ ಒಂದು ಗೆರೆ, ಇಳಿಸುವಾಗ ಇನ್ನೊಂದು ಗೆರೆ. ಎರಡರ ನಡುವೆ ಬಾಯಿ ಬಿಟ್ಟ ಜಾಗವೇ ಹಿಸ್ಟರಿಸಿಸ್. ಕಣ್ಣಿನಿಂದ ಓದುವಾಗ ಐದಾರು ಚುಕ್ಕೆಗಳಲ್ಲಿ ಮಾತ್ರ ಸಿಗುವ ಈ ವ್ಯತ್ಯಾಸ ಇಲ್ಲಿ ಪೂರ್ತಿ ಚಿತ್ರವಾಗಿ ಕಾಣುತ್ತದೆ. ಅದಕ್ಕಿಂತ ಮೆಚ್ಚಬೇಕಾದ್ದು ಮೆಟ್ಟಿಲುಗಳು. ಸವೆದ ಪಿನಿಯನ್ ಇರುವ ಗೇಜಿನಲ್ಲಿ ಒತ್ತಡ ಒಂದೇ ಸಮ ಏರುತ್ತಿದ್ದರೂ ಮುಳ್ಳು ಒಂದು ಕಡೆ ತಡೆದು ನಿಂತು ಆಮೇಲೆ ಜಿಗಿಯುತ್ತದೆ. ಗ್ರಾಫಿನಲ್ಲಿ ಅದು ಮುರುಕು ಮೆಟ್ಟಿಲಿನಂತೆ ಬಂತು. ಯಜಮಾನರು ಪಕ್ಕಕ್ಕೆ ತಟ್ಟಿದರು. ಗೆರೆ ಚಕ್ಕನೆ ಮೇಲಿನ ಮೆಟ್ಟಿಲಿಗೆ ಹಾರಿತು. ಅಷ್ಟು ವರ್ಷ ಅವರ ಗೆಣ್ಣಿಗೆ ಮಾತ್ರ ಗೊತ್ತಿದ್ದ ಸಂಗತಿಗೆ ಆವತ್ತು ಅಂಕಿ ಸಿಕ್ಕಿತು. ಯಾವ ಹಲ್ಲು ಸವೆದಿದೆ, ಕೊಂಡಿಯನ್ನು ಎತ್ತ ಸರಿಸಬೇಕು ಎಂದು ಹುಡುಕುವ ರಿಪೇರಿಯವನಿಗೆ ಇದು ವರ.

ಆದರೆ ಹುಡುಗರು ಬೀಗುತ್ತಿದ್ದುದು ಬೇರೆಯದಕ್ಕೆ: 12 ಬಿಟ್, ಒಂದು ಸುತ್ತಿಗೆ 4096 ಪಾಲು, ಒಂದು ಪಾಲಿಗೆ 0.088 ಡಿಗ್ರಿ. ಸ್ವಲ್ಪ ಲೆಕ್ಕ ಹಾಕೋಣ. 10 ಬಾರ್ ಗೇಜಿನ ಮುಳ್ಳು 270 ಡಿಗ್ರಿ ತಿರುಗಿದರೆ ಒಂದು ಬಾರಿಗೆ 27 ಡಿಗ್ರಿ. ಶೇಕಡ 1ರ ದರ್ಜೆಯ ಗೇಜಿಗೆ 0.1 ಬಾರ್ ತಪ್ಪು ಕ್ಷಮ್ಯ, ಅಂದರೆ 2.7 ಡಿಗ್ರಿ. ಇದರ ಮುಂದೆ 0.088 ಭರ್ಜರಿಯಾಗಿಯೇ ಕಾಣುತ್ತದೆ. ಆದರೆ ಎಷ್ಟು ಸಣ್ಣದಾಗಿ ಹೆಚ್ಚಬಲ್ಲೆ ಎಂಬುದು ಬೇರೆ, ಹೆಚ್ಚಿದ ಜಾಗ ಸರಿಯೇ ಎಂಬುದು ಬೇರೆ. ಇಂಥ ಅಗ್ಗದ ಚಿಪ್ಪುಗಳಲ್ಲಿ ಹೆಸರಾದ ಎಎಸ್5600, ಮ್ಯಾಗ್ನೆಟ್ ನಟ್ಟನಡುವೆ ಕೂತಾಗಲೂ 1 ಡಿಗ್ರಿಯವರೆಗೆ ಅತ್ತಿತ್ತ ಆಗಬಹುದೆಂದು ಅದರ ತಯಾರಕರ ಹಾಳೆಯೇ ಹೇಳುತ್ತದೆ. ಇತ್ತ 0.2 ಬಾರಿಗೊಂದು ಗೆರೆ ಇರುವ ಡಯಲಿನಲ್ಲಿ ಎರಡು ಗೆರೆಗಳ ನಡುವೆ 5.4 ಡಿಗ್ರಿ, ಪಳಗಿದ ಕಣ್ಣು ಅದರ ಐದನೆಯ ಒಂದು ಭಾಗವನ್ನು ಅಂದಾಜು ಮಾಡುತ್ತದೆ. ಅದೂ ಸುಮಾರು 1 ಡಿಗ್ರಿಯೇ! ಚಿಪ್ ಯಜಮಾನರಿಗೆ ಸರಿಸಮ, ಅಷ್ಟೆ.

ಚಿಪ್ಪಿನ ತಪ್ಪನ್ನು ಒಮ್ಮೆ ಅಳೆದು ಪಟ್ಟಿ ಮಾಡಿಕೊಂಡರಾಯಿತಲ್ಲ ಎನ್ನಬಹುದು. ಅದೇ ಮ್ಯಾಗ್ನೆಟ್ ಅಲ್ಲೇ ಇದ್ದರೆ ಸರಿ. ಇಲ್ಲಿ ಪ್ರತಿ ಗೇಜಿಗೂ ಅಂಟಿಸಿ ಕೀಳುತ್ತಾರೆ. ಪ್ರತಿ ಸಲವೂ ಅದು ನಡುವಿನಿಂದ ಕಾಲು ಮಿಲಿಮೀಟರ್ ಎತ್ತಲೋ ಸರಿದಿರುತ್ತದೆ. ತಪ್ಪಿನ ಆಕಾರವೇ ಬದಲಾಗುತ್ತದೆ. ನಿನ್ನೆಯ ಪಟ್ಟಿ ಇವತ್ತಿಗೆ ಒದಗದು.

ಗಾಜನ್ನು ಬಿಚ್ಚದೆ ಹೊರಗಿನಿಂದಲೇ ಓದುತ್ತೇವೆ ಎನ್ನುವವರಿಗೆ ಇನ್ನೊಂದು ಪೇಚು. ದೂರ ಇಮ್ಮಡಿಯಾದರೆ ಮ್ಯಾಗ್ನೆಟ್ಟಿನ ಕ್ಷೇತ್ರ ಎಂಟನೆಯ ಒಂದಕ್ಕೆ ಇಳಿಯುತ್ತದೆ. 3 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ನಿಯೋಡಿಮಿಯಮ್ ಬಿಲ್ಲೆ 10 ಮಿಲಿಮೀಟರ್ ದೂರದಲ್ಲಿ ಕೊಡುವುದು ಹೆಚ್ಚುಕಡಿಮೆ 1.3 ಮಿಲಿಟೆಸ್ಲಾ. ಬೆಂಗಳೂರಿನಲ್ಲಿ ಭೂಮಿಯದೇ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಅದರ ಶೇಕಡ 3. ಅಷ್ಟು ಸಾಕು, ಕೋನ ಒಂದೂವರೆ ಡಿಗ್ರಿಗೂ ಹೆಚ್ಚು ತಪ್ಪಲು. ಮೇಜಿನ ಮುಖ ಮೂಡಣಕ್ಕಿದ್ದರೆ ಒಂದು ಅಳತೆ, ಬಡಗಣಕ್ಕಿದ್ದರೆ ಇನ್ನೊಂದು. ವಾಸ್ತು ನೋಡಿ ಲ್ಯಾಬ್ ಕಟ್ಟುವವರಿಗೆ ಕೊನೆಗೂ ಒಂದು ವೈಜ್ಞಾನಿಕ ಕಾರಣ ಸಿಕ್ಕಿತೆನ್ನಿ. ಪಕ್ಕದ ಶೆಡ್ಡಿನ ಮೋಟಾರು, ಕಬ್ಬಿಣದ ಬೆಂಚು ಲೆಕ್ಕಕ್ಕೇ ಬಂದಿಲ್ಲ. ಎರಡು ಸೆನ್ಸರ್ ಇಟ್ಟು ಎರಡಕ್ಕೂ ಸಮಾನವಾದ ಹೊರಗಿನ ಕ್ಷೇತ್ರವನ್ನು ಕಳೆಯುವ ದಾರಿಯಿದೆ. ನಾನು ನೋಡಿದ ಸಲಕರಣೆಯಲ್ಲಿ ಅದಿರಲಿಲ್ಲ. ಇನ್ನು ಮುಳ್ಳಿಗೆ ಮ್ಯಾಗ್ನೆಟ್ ಅಂಟಿಸಿದ ಕ್ಷಣ ಮುಳ್ಳೇ ಒಂದು ದಿಕ್ಸೂಚಿಯಾಗುತ್ತದೆ ಎಂಬುದನ್ನೂ ಮರೆಯಬಾರದು. ಹತ್ತು ಬಾರಿನ ಗಟ್ಟಿ ನಳಿಕೆ ಅದನ್ನು ಲೆಕ್ಕಿಸಲಿಕ್ಕಿಲ್ಲ. ಉಸಿರಿನಷ್ಟು ಒತ್ತಡ ಅಳೆಯುವ ಕ್ಯಾಪ್ಸೂಲ್ ಗೇಜಿನಲ್ಲಿ ನಾನು ಹಾಗೆ ಅಂಟಿಸಲು ಬಿಡೆನು.

ಹುಟ್ಟುವಾಗಲೇ ಮ್ಯಾಗ್ನೆಟ್ ಇಟ್ಟುಕೊಂಡು ಬಂದ ಉಪಕರಣಗಳ ಮಾತು ಬೇರೆ. ವೀಕಾ ಕಂಪನಿಯ ಇಂಟೆಲಿಗೇಜ್‌ನಲ್ಲಿ ಕೋನ ಓದುವ ಸೆನ್ಸರ್ ಮುಳ್ಳಿನ ದಂಡಕ್ಕೆ ತಾಗದೆ ಒಳಗೇ ಕೂತಿದೆ. ಮುಳ್ಳೂ ಉಂಟು, ವಿದ್ಯುತ್ ಸಂಕೇತವೂ ಉಂಟು. ಡ್ವೈಯರ್ ಕಂಪನಿಯ ಮ್ಯಾಗ್ನೆಹೆಲಿಕ್ ಇನ್ನೂ ಸೊಗಸು. ಅಲ್ಲಿ ಹಲ್ಲುಚಕ್ರವೇ ಇಲ್ಲ. ಎಲೆಸ್ಪ್ರಿಂಗಿನ ತುದಿಯ ಮ್ಯಾಗ್ನೆಟ್ ಸರಿದರೆ ಸುರುಳಿಯೊಂದು ತಾನಾಗಿ ತಿರುಗಿ ಮುಳ್ಳನ್ನು ಒಯ್ಯುತ್ತದೆ. ಇವುಗಳಲ್ಲಿ ಮ್ಯಾಗ್ನೆಟ್ ಮನೆಯ ಆಳು. ಶೆಡ್ಡಿನ ಸಲಕರಣೆಯಲ್ಲಿ ಅದು ಒಂದು ಹೊತ್ತಿನ ಅತಿಥಿ.

ನನ್ನ ಮುಖ್ಯ ತಕರಾರು ಅಂಕಿಗಳದ್ದಲ್ಲ. ಕ್ಯಾಲಿಬ್ರೇಶನ್ ಎಂದರೆ ಸರಿಪಡಿಸುವುದೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ. ನಂಬಬಹುದಾದ ಅಳತೆಯ ಪಕ್ಕದಲ್ಲಿಟ್ಟು, ಈ ಉಪಕರಣ ಏನು ತೋರಿಸುತ್ತದೆಂದು ಬರೆದಿಡುವುದು ಕ್ಯಾಲಿಬ್ರೇಶನ್. ತಿರುಪು ತಿರುಗಿಸುವುದು ಬೇರೆ ಕೆಲಸ. ಗೇಜ್ ತೋರಿಸುವುದು ಕೋನವನ್ನಲ್ಲ. ಅಚ್ಚು ಹಾಕಿದ ಡಯಲಿನ ಎದುರು ನಿಂತ ಮುಳ್ಳಿನ ತುದಿಯನ್ನು. ಬಾಯ್ಲರ್ ಮುಂದೆ ನಿಂತವನು ನೋಡುವುದೂ ಅದನ್ನೇ.

ಎರಡನೆಯ ಮಧ್ಯಾಹ್ನ ಯಜಮಾನರು ಒಂದು ಕಿಡಿಗೇಡಿತನ ಮಾಡಿದರು. ಹುಡುಗರು ಚಹಾಕ್ಕೆ ಹೋದಾಗ ಮುಳ್ಳನ್ನು ದಂಡದಿಂದ ಎಬ್ಬಿಸಿ, ತುಸು ತಿರುಗಿಸಿ, ಮತ್ತೆ ಒತ್ತಿ ಕೂರಿಸಿದರು. ಹುಡುಗರು ಬಂದು, ಅಭ್ಯಾಸಬಲದಿಂದ ಸಾಫ್ಟ್‌ವೇರಿನಲ್ಲಿ ಸೊನ್ನೆ ಒತ್ತಿ, 10 ಬಾರ್‌ವರೆಗೂ ಏರಿಸಿದರು. ಗ್ರಾಫ್ ದಾರ ಹಿಡಿದಂತೆ ನೆಟ್ಟಗೆ ಬಂತು. ಡಯಲಿನ ಮೇಲೆ ಮುಳ್ಳು ಉದ್ದಕ್ಕೂ 0.4 ಬಾರ್ ಹೆಚ್ಚು ಹೇಳುತ್ತಿತ್ತು. ಅವರಲ್ಲಿ ಯಾರೂ ಡಯಲ್ ನೋಡಿರಲಿಲ್ಲ.

ಹುಡುಗರು ಪೆಚ್ಚಾದರು; ಯಜಮಾನರೇನೂ ನಗಲಿಲ್ಲ. ಮುಳ್ಳನ್ನು ಮೊದಲಿನ ಜಾಗಕ್ಕೆ ಕೂರಿಸಿ, ಬಿಲ್ಲೆಗಳನ್ನು ಮತ್ತೆ ಮೊದಲಿನಿಂದ ಇಡತೊಡಗಿದರು. ಪ್ರತಿ ಹಂತಕ್ಕೂ ತಟ್ಟಿ, ನೇರ ಎದುರಿಗೆ ಬಾಗಿ ನೋಡಿ, ಸರ್ಟಿಫಿಕೇಟಿನ ಕಲಮಿನಲ್ಲಿ ಕಣ್ಣು ಕಂಡದ್ದನ್ನೇ ಬರೆದರು. ಆಮೇಲೆ ಲ್ಯಾಪ್‌ಟಾಪಿನ ಗ್ರಾಫನ್ನೂ ಪ್ರಿಂಟ್ ತೆಗೆಸಿ, ಏರು ಗೆರೆ ಇಳಿ ಗೆರೆಗಳ ನಡುವಿನ ಬಾಯಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, "ಇದನ್ನ ರಿಪೇರಿಯವನಿಗೆ ಕೊಡಿ" ಎಂದು ಹಿಂದೆ ಪಿನ್ ಹೊಡೆದರು.