ವಾರಂಗಲ್ ಠಾಣೆಯ ಚೆಲುವು

ಅನಂತಮೂರ್ತಿಯವರ ಕಾದಂಬರಿ ‘ಅವಸ್ಥೆ’ (1978) ಚೆಲುವಾದ ಗದ್ಯ ಎಂಬುದರಲ್ಲಿ ನನಗೆ ತಕರಾರಿಲ್ಲ. ಆ ಚೆಲುವು ಪೊಲೀಸ್ ಠಾಣೆಯೊಳಗೂ ಹೊಕ್ಕು ಮಾಡಿದ್ದೇನು ಎಂಬುದೇ ತಕರಾರು.

ಅದರ ನಾಯಕನ ಮೇಲಿರುವ ಸಮಾಜವಾದಿ ಮುಂದಾಳು ಶಾಂತವೇರಿ ಗೋಪಾಲಗೌಡರ ನೆರಳು, ತುರ್ತುಪರಿಸ್ಥಿತಿಯ ಹಿನ್ನೆಲೆ ಓದುಗರಿಗೆ ಗೊತ್ತಿದ್ದದ್ದೇ. ಪಾರ್ಶ್ವವಾಯು ಬಡಿದು ಮಲಗಿದ ಕೃಷ್ಣಪ್ಪ ಗೌಡನ ನೆನಪಿನಲ್ಲಿ ವಾರಂಗಲ್ ಠಾಣೆ ಬರುತ್ತದೆ, ಕ್ರಾಂತಿಕಾರಿ ಅಣ್ಣಾಜಿಯ ಒಡನಾಟಕ್ಕಾಗಿ ತಿಂದ ಏಟು ಬರುತ್ತದೆ. ಈಗ ಅಲುಗದ ಮೈ, ಆಗ ಲಾಠಿಗೆ ಸಿಕ್ಕ ಮೈ: ಎರಡನ್ನೂ ಒಂದೇ ನೆನಪಿನಲ್ಲಿ ಹೆಣೆದ ಕಸುಬುಗಾರಿಕೆ ದೊಡ್ಡದು. ಆದರೆ ಕಾಯಿಲೆ ಯಾರ ಹುಕುಮಿಗೂ ಕಾಯುವುದಿಲ್ಲ. ಲಾಠಿಗೆ ಮೇಲಿನವರ ಹುಕುಮೋ ಮೌನ ಸಮ್ಮತಿಯೋ ಬೇಕು, ಹೊಡೆಯುವವನಿಗೆ ತಿಂಗಳ ಪಗಾರ ಬೇಕು. ಎರಡೂ ಒಂದೇ ಸಂಕಟದಂತೆ ಕಂಡರೆ ಸರಕಾರವೂ ಹಣೆಬರಹವಾಗಿಬಿಡುತ್ತದೆ. ವಾರಂಗಲ್ಲಿನ ಏಟಿನಿಂದ ಕೃಷ್ಣಪ್ಪನ ಒಳಬದುಕಿಗೆ ಆಳ ಬಂತು, ಸರಿ. ಅದೇ ಠಾಣೆಯಲ್ಲಿ ಏಟು ತಿಂದ, ಒಳಬದುಕಿನ ಕಥೆ ಹೇಳಲು ಬಾರದ ಉಳಿದವರ ಗತಿ?

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕೂತು ಓದುವವರಿಗೆ ವಾರಂಗಲ್ ಬರೀ ಹೆಸರಲ್ಲ. ಇಂಡಿ ಆಗ ಮುಂಬಯಿ ಪ್ರಾಂತದ್ದು. ನೆರೆಯ ಅಫಜಲಪುರವೂ ಆ ದೂರದ ವಾರಂಗಲ್ಲೂ 1948ರ ತನಕ ಹೈದರಾಬಾದಿನ ನಿಜಾಮನವು. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಕಾಲದ ಮಾತು ಬಂದರೆ ಈ ಸೀಮೆಯ ಹಿರಿಯರು ತಮ್ಮ ಮನಸ್ಸಿನ ತಳಮಳ ಹೇಳುತ್ತ ಕೂಡುವುದಿಲ್ಲ. ಯಾರ ಮನೆ ಸುಟ್ಟಿತು, ಯಾರ ಎತ್ತು ಹೋದವು, ಯಾರು ಯಾರ ಹೆಸರು ಹೇಳಿಕೊಟ್ಟರು, ಇಷ್ಟೇ. ಭಯವನ್ನು ಊರು ಹಂಚಿಕೊಂಡು ತಿಂದಿರುತ್ತದೆ.

ಊರು ಹಂಚಿಕೊಂಡ ಅಂಥ ಭಯವನ್ನು ಕಾದಂಬರಿಯಾಗಿ ಬರೆದವರು ನಿರಂಜನ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಗೆ ಸಿಕ್ಕ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. ಅದಕ್ಕಾಗಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲಾಯಿತು. ಆ ಘಟನೆಯ ಮೇಲೆ ಅವರು ಬರೆದ ‘ಚಿರಸ್ಮರಣೆ’ (1955) ಅಪ್ಪು, ಚಿರುಕಂಡ ಎಂಬಿಬ್ಬರು ಹುಡುಗರ ಕೈ ಹಿಡಿದು ಹೊರಟರೂ ಕೊನೆಗೆ ಯಾರೊಬ್ಬರ ಸೊತ್ತೂ ಆಗುವುದಿಲ್ಲ. ಪೊಲೀಸರು ಅಲ್ಲಿ ಇಡೀ ಹಳ್ಳಿಯ ಮೇಲೆ ಬೀಳುತ್ತಾರೆ. ಘೋಷಣೆಯಿದೆ, ಭಾಷಣವಿದೆ, ಒಪ್ಪಿದೆ. ನಮ್ಮ ನವ್ಯ ವಿಮರ್ಶಕರು ಆ ಭಾಷಣವನ್ನಷ್ಟೇ ಕೇಳಿಸಿಕೊಂಡು ಪುಸ್ತಕ ಮುಚ್ಚಿದರು. ಒಬ್ಬನೇ ನರಳಿದರೆ ಕಾವ್ಯ, ಊರು ನರಳಿದರೆ ಪ್ರಚಾರ ಎಂಬ ಈ ಲೆಕ್ಕ ಯಾವ ಅಲಂಕಾರಶಾಸ್ತ್ರದಲ್ಲಿದೆಯೋ! ಅವರ ಶಿಷ್ಯರಾದರೂ ವಾರಂಗಲ್ಲಿನ ಪುಟಗಳನ್ನೂ ಕಯ್ಯೂರಿನ ಪುಟಗಳನ್ನೂ ಪಕ್ಕಪಕ್ಕ ಇಟ್ಟು ಓದಲಿ. ಹೊಡೆದವನು ಯಾರ ಉಪ್ಪು ತಿಂದಿದ್ದ ಎಂಬುದನ್ನು ಯಾವ ಪುಸ್ತಕ ಹೆಚ್ಚು ನೆನಪಿಟ್ಟಿದೆ ಎಂದು ಆಮೇಲೆ ಜಗಳವಾಡೋಣ.