ಶಿಕಾರಿಪುರ–ಸೊರಬದ ಶಾಸನ ಸಂಪುಟಗಳೂ ಗ್ರಂಥಭಂಡಾರದ ಸಹಾಯಕನೂ

ಗ್ರಂಥಗಳನ್ನು ನಾವು ವಿಮರ್ಶಿಸುತ್ತೇವೆ. ಅವನ್ನು ಹುಡುಕಿ ತಂದು ನಮ್ಮ ಮುಂದಿಡುವವನ ಕೆಲಸವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಪೂರ್ವ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 7ನೆಯ (1902) ಮತ್ತು 8ನೆಯ (1904) ಸಂಪುಟಗಳ ಗುಣದೋಷಗಳು ವಿಶ್ವವಿದ್ಯಾನಿಲಯದ ಪ್ರಾಚ್ಯಸಂಗ್ರಹದ ಸಹಾಯಕನಿಗೆ ತಿಳಿಯುವಷ್ಟು ನಮಗೆ ತಿಳಿಯವು.

ಈ ಸಂಪುಟಗಳ ಮಹತ್ವ ನಿರ್ವಿವಾದವಾದುದು. ಆದರೆ ಶಾಸನಗಳ ಅನುಕ್ರಮ ತಾಲ್ಲೂಕನ್ನು ಅನುಸರಿಸಿದೆ. ಶಿಕಾರಿಪುರ 7ರಲ್ಲಿ, ನೆರೆಯ ಸೊರಬ 8ರಲ್ಲಿ. ಬನವಾಸಿಯಂತೂ ಅಂದು ಮುಂಬಯಿ ಆಧಿಪತ್ಯದಲ್ಲಿದ್ದುದರಿಂದ ಎರಡರಲ್ಲಿಯೂ ಇಲ್ಲ. ಬನವಾಸಿ ಪನ್ನಿರ್ಚ್ಛಾಸಿರವೆಂಬ ಒಂದೇ ನಾಡು ಹೀಗೆ ಕಚೇರಿಯ ಗಡಿಗಳಿಂದ ಛಿದ್ರವಾಯಿತು. ಕದಂಬರ ವಿಷಯ ಕೇಳಿಬಂದ ವಿದ್ಯಾರ್ಥಿಗೆ ಒಂದೇ ಸಂಪುಟವನ್ನು ಕೊಟ್ಟು ಕಳುಹಿಸಿದರೆ, ಅವನ ಪ್ರಬಂಧವೂ ತಾಲ್ಲೂಕಿನ ಎಲ್ಲೆಯಲ್ಲಿಯೇ ನಿಲ್ಲುತ್ತದೆ. ಕಾಲಾನುಕ್ರಮದ ಪಟ್ಟಿಯನ್ನು ರೈಸ್ ಅವರು ಕೊಟ್ಟಿದ್ದಾರೆ, ನಿಜ. ಪಟ್ಟಿ ಸಂಪುಟದ ಹೊರಗಿನ ಶಾಸನವನ್ನು ಹೇಳಲಾರದು.

ಹೆಸರುಗಳ ತೊಡಕು ಬೇರೆ. ಬಳ್ಳಿಗಾವೆಯನ್ನು ಇಂಗ್ಲಿಷ್ ಭಾಗದಲ್ಲಿ ‘ಬೆಳ್ಗಾಮಿ’ ಎಂಬ ರೂಪದಲ್ಲಿ ಹುಡುಕಬೇಕು. ತಾಳಗುಂದವು ಶಾಸನದಲ್ಲಿ ಸ್ಥಾಣಕುಂದೂರು. ಸೊರಬದ ಉದ್ರಿ, ಉದ್ಧರೆ. ಗ್ರಂಥಗಳ ಛಾಯಾಪ್ರತಿಗಳು ಯಂತ್ರದಲ್ಲಿ ದೊರೆಯುವ ಈ ಕಾಲದಲ್ಲಿಯೂ ಈ ತೊಡಕು ಕಳೆದಿಲ್ಲ. ಅಕ್ಷರ ಕೊಟ್ಟರೆ ಯಂತ್ರ ಅದೇ ಅಕ್ಷರವನ್ನು ಹುಡುಕುತ್ತದೆ. ಊರನ್ನು ಹುಡುಕುವವನು ಸಹಾಯಕ. ಅವನ ಹುದ್ದೆ ತೆರವಾದರೆ ತುಂಬುವ ಅವಸರ ಯಾರಿಗೂ ಕಾಣದು.

ಹಿಂದಿನವರು ಈ ವೃತ್ತಿಯನ್ನು ಕಂಡ ರೀತಿ ಬೇರೆ. ಬಳ್ಳಿಗಾವೆಯ ಕೋಡಿಯಮಠವನ್ನು 1162ರ ಶಾಸನ ವರ್ಣಿಸುವಾಗ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ವ್ಯಾಖ್ಯಾನವನ್ನೂ ರೋಗಿಗಳ ಔಷಧೋಪಚಾರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಗ್ರಂಥಪಾಲಕರ ಸ್ಪಷ್ಟವಾದ ಲೆಕ್ಕ ಬೇಕಾದರೆ ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಗೆ ಹೋಗಬೇಕು. ಅಲ್ಲಿಯ ಘಟಿಕಾಶಾಲೆಯ 1058ರ ಶಾಸನದಲ್ಲಿ ವೇದ ಬೋಧಿಸುವವರು ಮೂವರು, ಶಾಸ್ತ್ರ ಬೋಧಿಸುವವರು ಮೂವರು, ಸರಸ್ವತೀಭಂಡಾರಿಗರು ಆರು ಮಂದಿ! ಉಪಾಧ್ಯಾಯರೆಲ್ಲರೂ ಸೇರಿದರೆಷ್ಟೋ ಗ್ರಂಥ ಕಾಯುವವರೂ ಅಷ್ಟೇ. ಅವರಿಗೂ ಭೂಮಿಯ ವೃತ್ತಿಯುಂಟು. ನಮ್ಮ ವಿಶ್ವವಿದ್ಯಾನಿಲಯಗಳ ಆಯವ್ಯಯವನ್ನು ಇದರ ಪಕ್ಕದಲ್ಲಿಟ್ಟು ನೋಡುವ ಧೈರ್ಯ ನಮಗಿಲ್ಲ.

ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ಹೊರಬಂದುದು ಮರುವರ್ಷ. ಅವರಂತೆ ಬೆಳಕಿಗೆ ಬಂದವರು ವಿರಳ. ಪಡಿಯಚ್ಚು ತೆಗೆದವರ, ಪ್ರತಿ ಮಾಡಿದವರ, ಕರಡು ತಿದ್ದಿದವರ ಹೆಸರುಗಳನ್ನು ಮುಖಪುಟದಲ್ಲಿ ಹುಡುಕುವುದು ವ್ಯರ್ಥ. 7ನೆಯ ಸಂಪುಟದಲ್ಲಿ ಶಿಕಾರಿಪುರ 176 ಎಂಬ ಸಂಖ್ಯೆಯುಳ್ಳ ತಾಳಗುಂದದ ಸ್ತಂಭಶಾಸನದ ಕವಿ ಕುಬ್ಜನಾದರೋ, ಕಾವ್ಯ ತನ್ನದು, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಕೊನೆಯಲ್ಲಿ ಹೇಳಿಕೊಂಡಿದ್ದಾನೆ.