ಹೊಸ್ತಿಲ ಬಳಿಯ ನಿಂಬೆಹಣ್ಣು

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ, ಹರಿಯಬ್ಬೆಯ ನಮ್ಮ ಮನೆಯ ಹೊಸ್ತಿಲ ಬಳಿ ಕುಂಕುಮ ಮೆತ್ತಿದ ನಿಂಬೆಹಣ್ಣು ಬಿದ್ದಿತ್ತು. ಅಜ್ಜಿ ಅದನ್ನು ಪೊರಕೆಯ ತುದಿಯಿಂದ ಬೀದಿಗೆ ದೂಡಿ, "ಮುಟ್ಬ್ಯಾಡ. ಯಾರ್ ಇಕ್ಕವ್ರೆ ಅಂತ ನಂಗೊತ್ತು" ಅಂದಳು. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೊಲದ ಬದುವಿನ ವಿಷಯಕ್ಕೆ ಜಗಳವಾಡಿದ್ದ ದೊಡ್ಡಪ್ಪನ ಮನೆಗೆ ಅವತ್ತಿನಿಂದ ಹೋಗಿಬರುವುದು ನಿಂತಿತು. ಈಗ ಸಂಶೋಧನೆಯ ನೆಪದಲ್ಲಿ, ಶಾಪ ಹೊತ್ತ ವಸ್ತುಗಳ ಬಗೆಗಿನ ಹಳೆಯ ಜನಪ್ರಿಯ ಭಯಕಥೆಗಳನ್ನು ಓದುತ್ತಿದ್ದೇನೆ. ಓದುವಾಗೆಲ್ಲ ನೆನಪಾಗುವುದು ಆ ಹಣ್ಣಲ್ಲ, ಅಜ್ಜಿಯ ಮಾತು.

ಇಂಗ್ಲಿಷಿನಲ್ಲಿ ಈ ಬಗೆಯ ಕಥೆಯ ಒಂದು ಬೇರು ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ. ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ 'ದ ಮೂನ್‌ಸ್ಟೋನ್' ಶುರುವಾಗುವುದು 1799ರ ಕೋಟೆ ಮುತ್ತಿಗೆಯಿಂದ. ಹರ್ನ್‌ಕ್ಯಾಸಲ್ ಎಂಬ ಸೇನಾಧಿಕಾರಿ ಹೆಣಗಳ ನಡುವೆ ನಿಂತು ವಜ್ರವೊಂದನ್ನು ದೋಚುತ್ತಾನೆ. ಸಾಯುತ್ತಿರುವವನು ಹಾಕುವ ಶಾಪ ಅವನಿಗಷ್ಟೇ ಅಲ್ಲ, ಅವನ ಕುಲಕ್ಕೂ. 1902ರ ಹೊತ್ತಿಗೆ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ 'ದ ಮಂಕೀಸ್ ಪಾ' ಕಥೆಯಲ್ಲಿ ಭಾರತದ ಫಕೀರನೊಬ್ಬ ಮಂತ್ರಿಸಿದ ಕೋತಿಯ ಪಂಜ ಇಂಗ್ಲೆಂಡಿನ ಬಡ ಮನೆಯೊಂದನ್ನು ಸೇರುತ್ತದೆ. ಅದನ್ನು ತಂದ ಸೈನಿಕ ಬೆಂಕಿಗೆ ಎಸೆದರೂ ಮನೆಯ ಯಜಮಾನ ಎತ್ತಿಕೊಳ್ಳುತ್ತಾನೆ, 200 ಪೌಂಡ್ ಬೇಡುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ಕೊಡುವ ಪರಿಹಾರ ಸರಿಯಾಗಿ ಅಷ್ಟೇ.

ದೋಚಿದವನ ಅಳುಕೇ ಇಲ್ಲಿ ದೆವ್ವವಾಗಿದೆ ಎಂದು ತರಗತಿಗಳಲ್ಲಿ ಹೇಳುತ್ತೇವೆ. ನನಗೂ ಒಪ್ಪಿಗೆಯೇ, ಆದರೆ ಅರ್ಧ. ಹರ್ನ್‌ಕ್ಯಾಸಲ್‌ನನ್ನು ಅವನ ತಂಗಿ ಮನೆಗೆ ಸೇರಿಸುವುದಿಲ್ಲ. ಅವನು ಸಾಯುವಾಗ ವಜ್ರವನ್ನು ಅವಳ ಮಗಳ ಹೆಸರಿಗೇ ಬರೆದಿಡುತ್ತಾನೆ. ಅದು ಕ್ಷಮೆಯೋ ಸೇಡೋ ಎಂದು ಕಾದಂಬರಿಯೊಳಗಿನವರೇ ತಲೆ ಕೆಡಿಸಿಕೊಳ್ಳುತ್ತಾರೆ. ಶಾಪ ಸಮುದ್ರ ದಾಟಿದ್ದು ಲೂಟಿಯಿಂದ, ನಿಜ. ಮನೆಯೊಳಗೆ ಕಾಲಿಟ್ಟದ್ದು ಮಾತ್ರ ಉಯಿಲಿನಿಂದ.

ಕನ್ನಡ ಓದುಗರನ್ನು ಬೆಚ್ಚಿಬೀಳಿಸಿದ ಭಯಕಾದಂಬರಿಯಲ್ಲಿ ಇರುವುದು ಈ ಇನ್ನರ್ಧವೇ. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನದು. ನಮಗೆ ಸಿಕ್ಕಿದ್ದು ವಂಶಿ ಅವರ ಅನುವಾದದಲ್ಲಿ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಸಿನಿಮಾ ಮಾಡಿದರು. ನಮ್ಮ ಕಡೆ ಆಂಧ್ರ ಹತ್ತಿರ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಆದರೂ ಓದಿದ್ದು ಕನ್ನಡದಲ್ಲೇ. ನನ್ನ ಹತ್ತಿರವಿರುವ ಪ್ರತಿ ಚಿಕ್ಕಮ್ಮನದು. ಹಿರಿಯೂರಿನಲ್ಲಿ ಬಾಡಿಗೆಗೆ ತಂದದ್ದು, ವಾಪಸು ಹೋಗಲೇ ಇಲ್ಲ.

ಮಾಟಕ್ಕೆ ಗುರಿಯಾಗುವ ಪುಟ್ಟ ಹುಡುಗಿ, ಅವಳ ಪಾಲಿಗೆ ಬರಬೇಕಾದ ಆಸ್ತಿ, ಅದರ ಮೇಲೆ ಕಣ್ಣಿಟ್ಟವರು. ಕಥೆ ಇಷ್ಟೆ. ಒಂದು ಕಡೆ ವೈದ್ಯವಿಜ್ಞಾನ, ಇನ್ನೊಂದು ಕಡೆ ಮಂತ್ರ; ಎರಡರಲ್ಲಿ ಯಾವುದು ನಿಜ ಎಂದು ಲೇಖಕ ಗಟ್ಟಿಯಾಗಿ ಹೇಳುವುದಿಲ್ಲ. ಮೂಢನಂಬಿಕೆಗೆ ಗೊಬ್ಬರ ಹಾಕುವ ಪುಸ್ತಕ ಎಂಬ ಆಕ್ಷೇಪ ಇಲ್ಲಿಂದಲೇ ಏಳುತ್ತದೆ. ನನ್ನ ತಕರಾರು ಬೇರೆ. ಕಾಷ್ಮೋರನ ಪುಟಗಳು ಎರಡನೇ ಓದಿಗೆ ಸಪ್ಪೆ. ಒಂದು ಮಗುವಿನ ಆಯಸ್ಸನ್ನು ದೊಡ್ಡವರು ಆಸ್ತಿಯ ಲೆಕ್ಕದಲ್ಲಿ ಅಳೆಯುವುದು ಮಾತ್ರ ಈಗಲೂ ಮೈ ನಡುಗಿಸುತ್ತದೆ. ಕಾಷ್ಮೋರನಿಗೆ ಕೊಟ್ಟ ಗಮನವನ್ನು ಲೇಖಕರು ಆ ಲೆಕ್ಕಕ್ಕೆ ಕೊಟ್ಟಿದ್ದರೆ!

'ಆಪ್ತರಕ್ಷಕ'ದ (2010) ನಾಗವಲ್ಲಿ ಚಿತ್ರಪಟ ಇಂಗ್ಲಿಷ್ ಜಾತಿಯದು. ನೃತ್ಯಸ್ಪರ್ಧೆಯ ಬಹುಮಾನವಾಗಿ ಮನೆಗೆ ಬರುತ್ತದೆ, ಬಂದ ಮನೆಗೆಲ್ಲ ಕೇಡು ತರುತ್ತದೆ. ಕಡ್ಲೆಕಾಯಿ ತಿನ್ನುತ್ತ ನೋಡಿದೆವು. ಪರಸ್ಥಳದಿಂದ ಬಂದ ಶಾಪವನ್ನು ಸುಡಬಹುದು, ಮಾರಬಹುದು, ಇನ್ನೊಬ್ಬರ ಮನೆಗೆ ದಾಟಿಸಬಹುದು. ನಿಂಬೆಹಣ್ಣನ್ನು ಬೀದಿಗೆ ದೂಡಿದ ಮೇಲೂ ಅಜ್ಜಿಗೆ ಇಟ್ಟವರು ಯಾರೆಂದು ಗೊತ್ತೇ ಇತ್ತಲ್ಲ.

ಇಲ್ಲಿಯೇ ನಮ್ಮ ಜನಪ್ರಿಯ ಕಾದಂಬರಿಗಳ ಮೇಲೆ ನನಗೊಂದು ಸಿಟ್ಟಿದೆ. ಎನ್. ನರಸಿಂಹಯ್ಯನವರ ಪುರುಷೋತ್ತಮ ಬಂದದ್ದು 1952ರಲ್ಲಿ, ಅಂದಿನಿಂದ ಪತ್ತೇದಾರಿ ಓದಿಯೇ ಬೆಳೆದ ನಾವು ಭಯಕಥೆಯಲ್ಲೂ "ಮಾಡಿದವರು ಯಾರು?" ಎಂದಷ್ಟೇ ಕೇಳುತ್ತೇವೆ. ಯಾರೋ ಮಾಡಿದ್ದಾರೆಂದು ಮೊದಲು ನಂಬಿದ್ದು ಯಾಕೆ ಎಂಬ ಪ್ರಶ್ನೆ ಆ ಪುಟಗಳಲ್ಲಿ ಏಳುವುದೇ ಇಲ್ಲ. ಮಾಟಮಂತ್ರದ ವಿರುದ್ಧ 2017ರಲ್ಲಿ ರಾಜ್ಯದಲ್ಲಿ ಕಾಯ್ದೆಯಾಯಿತು. ಅನುಮಾನಕ್ಕೆ ಯಾವ ಕಲಂ ಹಾಕುವುದು? ಅದನ್ನು ಹಿಡಿಯಬೇಕಾದದ್ದು ಕಥೆಗಾರ. ನಾನು ಓದಿದವುಗಳಲ್ಲಿ ಒಂದಾದರೂ, ಊರಿನ ಅನುಮಾನ ಹೊತ್ತವರ ಮನೆಯೊಳಗಿನಿಂದ ಬರೆದ ಭಯಕಾದಂಬರಿ ಸಿಗಲಿಲ್ಲ.

ದೊಡ್ಡಪ್ಪ ತೀರಿಕೊಂಡಾಗ ಅಜ್ಜಿ ಹೋಗಲಿಲ್ಲ, ನಾನು ಹೋದೆ. ಅಷ್ಟು ವರ್ಷಗಳ ಮೇಲೆ ಆ ಮನೆಯನ್ನು ಹತ್ತಿರದಿಂದ ಕಂಡದ್ದು ಅಂದೇ. ಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಆ ಬಾಗಿಲು ನಮ್ಮ ಮನೆಯ ಕಡೆಗಿದೆ.